ಕೆಂಪು ಬಟ್ಟೆ

ಟೆಕ್ಸಾಸಿನ ದಕ್ಷಿಣ ಸೀಮೆಯಲ್ಲಿ ಜುಲೈ ಎಂದರೆ ಹುಲ್ಲೆಲ್ಲ ಸುಟ್ಟು ಜಾಲಿಗಿಡವೊಂದೇ ಹಸಿರುಳಿಯುವ ಕಾಲ. ದನಗಳನ್ನು ಆಚೆಯ ಕಾವಲಿಗೆ ಹೊಡೆಯುವ ಮೊದಲು ಬೇಲಿ ಬಿಗಿಯಬೇಕು. ಎವರಿಸ್ತೊ ತಂತಿ ಎಳೆದು ಹಿಡಿದಿದ್ದ, ಅವನ ಹೆಂಡತಿಯ ತಮ್ಮ ರುಫೀನೊ ಮೊಳೆ ಹೊಡೆಯುತ್ತಿದ್ದ. ಬೇಲಿಯಾಚೆ ಒಂದು ಜಾಲಿಯ ಬುಡದಲ್ಲಿ ಎರಡು ಕಾಲು ಕಂಡವು. ಒಂದಕ್ಕೆ ಮಾತ್ರ ಬೂಟು.

"ಭಾವ, ಇನ್ನೊಂದು" ಎಂದ ರುಫೀನೊ, ಸುತ್ತಿಗೆ ನಿಲ್ಲಿಸದೆ.

ಗಡಿ ದಾಟಿ ಬಂದವರು ಹೆದ್ದಾರಿಯ ತಪಾಸಣೆ ತಪ್ಪಿಸಲು ಈ ಬಯಲಿಗಿಳಿದು, ನೀರಿಲ್ಲದೆ ಬೀಳುವುದು ಪ್ರತಿ ಬೇಸಿಗೆಯ ಮಾತು. ದನ ಸತ್ತು ಬಿದ್ದಿದ್ದರೆ ಹತ್ತಿರದ ಕೊಂಬೆಗೆ ಕೆಂಪು ಬಟ್ಟೆ ಕಟ್ಟಿ ಬರುವುದು ಅಲ್ಲಿಯ ವಾಡಿಕೆ. ಹೊತ್ತೊಯ್ಯುವ ಲಾರಿಯವನಿಗೆ ಗುರುತು. ಅದೇ ಬಟ್ಟೆ ಯಾವಾಗಲೋ ಮನುಷ್ಯರಿಗೂ ಬಂದಿತ್ತು. ಮುಖ ಮಾತ್ರ ನೋಡಬಾರದು, ನೋಡಿದರೆ ಊಟ ಸೇರುವುದಿಲ್ಲ ಎಂಬುದು ಬೇಲಿ ಕೆಲಸದವರು ತಾವೇ ಮಾಡಿಕೊಂಡ ಕಟ್ಟಳೆ. ಎವರಿಸ್ತೊ ಮೂಗಿಗೆ ತೋಳು ಅಡ್ಡ ಹಿಡಿದು, ಬೇರೆ ಕಡೆ ನೋಡುತ್ತಾ ಹೋಗಿ, ತಗ್ಗಿನ ಕೊಂಬೆಗೆ ಬಟ್ಟೆ ಕಟ್ಟಿ ಬಂದ. ವೈರ್‌ಲೆಸ್ಸಿನಲ್ಲಿ ಮೇಸ್ತ್ರಿಗೆ ತಿಳಿಸಿದ. ಪೊಲೀಸರು ಸಂಜೆಯೊಳಗೆ ಬರುತ್ತಾರೆ, ನೀವು ಕೆಲಸ ನೋಡಿ ಎಂದ ಮೇಸ್ತ್ರಿ.

ಹೊತ್ತು ನೆತ್ತಿಗೇರಿದಾಗ ಪಿಕಪ್ ಗಾಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ರೊಟ್ಟಿಯಲ್ಲಿ ಸುತ್ತಿದ ಕಾಳಿನ ಪಲ್ಯ. ಅಕ್ಕನ ಕೈಯಿಂದ ಉಪ್ಪು ಜಾರಿದೆ, ನಿಮ್ಮ ಮೇಲಿನ ಸಿಟ್ಟನ್ನು ನನಗೂ ಬಡಿಸಿದ್ದಾಳೆ ಎಂದು ರುಫೀನೊ ಗೊಣಗಿದ. ಎವರಿಸ್ತೊ ನಕ್ಕ. ನಗುತ್ತಲೇ ಕಣ್ಣು ಜಾಲಿಯ ಕಡೆ ಹೋಯಿತು.

ಕೊಂಬೆಯಲ್ಲಿ ಬಟ್ಟೆ ಇರಲಿಲ್ಲ.

ಗಾಳಿಯೂ ಇರಲಿಲ್ಲ, ಒಂದೆಲೆ ಅಲುಗುತ್ತಿರಲಿಲ್ಲ. ಎವರಿಸ್ತೊ ತುತ್ತು ಕೆಳಗಿಟ್ಟ. ಎದ್ದು ಹೋದ, ಈ ಸಲ ಮುಖ ನೋಡಿದ. ಅವನಿಗಿಂತ ನಾಲ್ಕಾರು ವರ್ಷ ಹಿರಿಯ ಹೆಂಗಸು. ತುಟಿ ಒಡೆದು ಕಪ್ಪಾಗಿತ್ತು. ಕೆಂಪು ಬಟ್ಟೆಯನ್ನು ಎಳೆದುಕೊಂಡು ತಲೆಗೆ ಹೊದ್ದಿದ್ದಳು. ಅವನು ನೋಡುತ್ತಿದ್ದಂತೆ ರೆಪ್ಪೆ ಬಡಿಯಿತು.

ಅವನು ಅವಳ ಬಾಯಿಗೆ ಹನಿ ಹನಿಯಾಗಿ ನೀರು ಬಿಡುತ್ತಿದ್ದರೆ ರುಫೀನೊ ವೈರ್‌ಲೆಸ್ಸಿಗೆ ಓಡಿದ. ಆಂಬುಲೆನ್ಸ್ ಬರಲು ತಡವಾಗುತ್ತದೆ, ಅಲ್ಲೇ ಕಾಯಿರಿ, ಧಣಿಯ ಗಾಡಿಗೆ ಅಂಥವರನ್ನು ಹತ್ತಿಸಿದರೆ ನಾಳೆಯಿಂದ ಇತ್ತ ತಲೆ ಹಾಕಬೇಡಿ ಎಂದು ಬಂತು ಮೇಸ್ತ್ರಿಯ ಉತ್ತರ. ಅಷ್ಟರಲ್ಲಿ ಎವರಿಸ್ತೊ ಆಕೆಯನ್ನು ಎತ್ತಿಕೊಂಡೇ ಬಂದಿದ್ದ. ತೂಕವೇ ಇರಲಿಲ್ಲ.

"ಭಾವ, ಹೋಗಲೇಬೇಕಂದ್ರೆ ಹಿಂದೆ ಮೇವಿನ ಚೀಲದ ಮೇಲೆ ಮಲಗಿಸೋಣ. ಮೇಲೆ ತಾಡಪಾಲು ಎಳೆದ್ರೆ ಯಾರಿಗೂ ಕಾಣಲ್ಲ."

"ಹಿಂದೆ ನೀನು ಕೂತ್ಕೋ. ಅವರು ಮುಂದೆ ಕೂರ್ತಾರೆ."

"ಕೆಲಸ ಹೋದ್ರೆ ಅಕ್ಕಂಗೆ ಏನಂತ ಹೇಳ್ತೀರ?"

"ಜೀವ ಇದ್ದೋರ ಪಕ್ಕ ಊಟ ಮಾಡ್ತಾ ಕೂತಿದ್ವಿ ಅಂತ ಹೇಳ್ತೀನಿ."

ರುಫೀನೊ ಚೀಲಗಳ ಮೇಲೆ ಹತ್ತಿ ಕೂತ.

ದಾರಿಯುದ್ದಕ್ಕೂ ವೈರ್‌ಲೆಸ್ ಕಿರುಚುತ್ತಿತ್ತು. ಎವರಿಸ್ತೊ ಅದನ್ನು ಮುಟ್ಟಲಿಲ್ಲ. ಪೇಟೆಯ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಗಾಲಿಕುರ್ಚಿ ತಂದರು. ಇಳಿಯುವ ಮುಂಚೆ ಆಕೆ ತಲೆಯ ಬಟ್ಟೆ ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಚಿ ಅವನ ಮುಂದೆ ಹಿಡಿದಳು.

"ನೀವು ಬಂದದ್ದು ಗೊತ್ತಾಯ್ತಪ್ಪ, ಕೂಗೋಕೆ ದನಿ ಬರ್ಲಿಲ್ಲ. ಬಿಸಿಲಿಗೆ ಇರ್ಲಿ ಅಂತ ಇದನ್ನ ಬಿಟ್ಟು ಹೋದ್ರಲ್ಲ, ದೇವರು ಒಳ್ಳೇದು ಮಾಡ್ಲಿ. ತಗೊಳ್ಳಿ, ನಿಮ್ಮದು."

ಎವರಿಸ್ತೊನ ಕೈ ಸ್ಟಿಯರಿಂಗ್ ಬಿಟ್ಟು ಏಳಲಿಲ್ಲ.