ಐದು ನೀಲಿ ಉಗುರು

ನೀರಲ್ಲಿ ಕ್ರಿಮಿ ಇದೆಯೇ ಎಂದು ನೋಡುವ ನನ್ನ ಈ ಕೆಲಸಕ್ಕೆ ಮಗಳನ್ನು ಕಳಿಸುವುದಿಲ್ಲ ಎಂದು ಹತ್ತು ವರ್ಷದ ಹಿಂದೆ ನಮ್ಮವ್ವನಿಗೆ ಮಾತು ಕೊಟ್ಟಿದ್ದೆ. ಅದಕ್ಕಾಗಿ ಉಗುರಿನಡಿ ಕ್ರಿಮಿ ಗುರುತಿಸುವ ಪ್ರತಿಕಾಯ ಚುಚ್ಚಿಸಿಕೊಂಡರೆ ತಿಂಗಳುಗಟ್ಟಲೆ ಉರಿ. ಆ ಉಗುರು ಕಾಲರಾ ಕ್ರಿಮಿ ತಾಗಿದರೆ ಮಾತ್ರ ನೀಲಿಯಾಗುತ್ತದೆ; ಬೇರೆ ಕ್ರಿಮಿಗೆ ಜಪ್ಪಯ್ಯ ಅನ್ನುವುದಿಲ್ಲ.

ಈ ಬೆಳಿಗ್ಗೆ ಓಣಿಯ ನೀರಿನ ಟಾಕಿಯಲ್ಲಿ ಕೈ ಅದ್ದಿದೆ. ಉಗುರು ಬೆಳ್ಳಗೇ ಇತ್ತು.

“ಬಿಡ್ರಿ ನೀರು,” ಎಂದೆ.

“ತಡಿಯವ್ವಾ,” ಎಂದು ಮಗಳು ಶಾಂಭವಿ ತಾನೂ ಅದ್ದಿದಳು. ನನಗೆ ಹೇಳದೆ ಚುಚ್ಚಿಸಿಕೊಂಡಿದ್ದಳು. ಐದೂ ಉಗುರು ನೀಲಿಯಾದವು.

“ನೇಲ್ ಪಾಲಿಶ್ ಚಲೋ ಐತಿ,” ನೀರು ಬಿಡುವ ದ್ಯಾಮಪ್ಪ ನಕ್ಕ.

“ಹಂಗಾರ ಮೊದಲ್ನೇ ಕೊಡ ನಿಮ್ಮನಿಗೇ ಒಯ್ರಿ, ಕಾಕಾ.”

ದ್ಯಾಮಪ್ಪ ನಳ ತಿರುವಲಿಲ್ಲ.

“ನನ್ನ ಮಗಳರೀ,” ಎಂದೆ, ಯಾರೂ ಕೇಳದಿದ್ದರೂ.

ನನ್ನ ಉಗುರಿನ ಪ್ರತಿಕಾಯದ ಶಕ್ತಿ ಮುಗಿದಿದೆ. ಮಧ್ಯಾಹ್ನ ಈ ಕೆಲಸ ಕೇಳಿ ಶಾಂಭವಿ ಬರೆದ ಅರ್ಜಿಗೆ ನಾನೇ ಸಹಿ ಹಾಕಿದೆ. ನಮ್ಮವ್ವನಿಗೆ ಕೊಟ್ಟ ಮಾತು ಮುರಿಯಿತು.