ಸೊಂಟದವರೆಗೆ ಬಂದ ಮದುಮಗ

ಜನ ಬಸ್ಸು ಮರೆತು ಡೌನ್‌ಲೋಡಿನಲ್ಲೇ ಊರಿಂದೂರಿಗೆ ಹೋಗಿಬರತೊಡಗಿದ ಮೇಲೆ, ಶಿಗ್ಗಾವಿಯ ನೀಲಗಂಗಾಳ ಮದುವೆಯಲ್ಲಾದಂಥ ನಿಧಾನವನ್ನು ಮೂರು ಲೋಕವೂ ಕಂಡಿಲ್ಲ. ಅಕ್ಕಿಕಾಳು ಬೀಳಲು ಹತ್ತೇ ನಿಮಿಷ ಉಳಿದಿತ್ತು; ತಪ್ಪಿದರೆ ಮುಂದಿನ ಮುಹೂರ್ತ ಎರಡು ವರ್ಷಕ್ಕೆ. ಪಕ್ಕದ ಸವಣೂರಿನ ಮದುಮಗ ಲಿನಕ್ಸ್ ಕಂಪ್ಯೂಟರಿನ ಮುಂದೆ ಸೊಂಟದವರೆಗಷ್ಟೇ ಇಳಿದಿದ್ದ. ಅಷ್ಟರೊಳಗೆ ಅವನಿಗೆ ಗಡ್ಡ ಬೆಳೆದು ಎರಡು ಸಲ ಬೋಳಿಸಬೇಕಾಯಿತು.

ನೀಲಗಂಗಾ ಬಾಸಿಂಗ ಸರಿಸಿ, ಸೋದರತ್ತೆಯನ್ನು ಎಬ್ಬಿಸಿ ತಾನೇ ಕೀಲಿಮಣೆಗೆ ಕೂತಳು. "ಅತ್ತಿ, ಸವಣೂರಿಂದ ಬರೋರ್ನ ಜರ್ಮನಿ ಸರ್ವರಿನ್ಯಾಗಿಂದ ಯಾಕ ಇಳಸಾಕತ್ತೀರಿ?"

"ಫಾರಿನ್ನಿಂದ ಅಳಿಯಾ ಬಂದಾನಂತ ಓಣಿ ಮಂದಿ ಅನಬೇಕಲ್ಲವ್ವಾ," ಎಂದಳು ಸೋದರತ್ತೆ.

ನೀಲಗಂಗಾ ಸವಣೂರಿನ ಸರ್ವರ್ ಆರಿಸಿ ಎಂಟರ್ ಒತ್ತಿದಳು. ರೆಪ್ಪೆ ಬಡಿಯುವುದರೊಳಗೆ ಎರಡೂ ಕಾಲು ಇಳಿದವು.

"ಕಾಲು ಬಂದಾವ್ರಿ. ಓಡಿಹೋಗೋದಿದ್ರ ಈಗ ಹೋಗ್ರಿ," ಎಂದಳು ಮೆಲ್ಲಗೆ.

"ಜರ್ಮನಿ ಸುತ್ತಿ ಸುಸ್ತಾಗೇತಿ. ಮೊದಲ ಕುಂದ್ರಾಕ ಮಣಿ ತೋರಸು," ಎಂದು ಅವನು ಅವಳ ಪಕ್ಕದಲ್ಲೇ ಕೂತ.