ಹುಟ್ಟೂರಿನ ಪಿಕ್ಚರ್ ಕಾರ್ಡು

ಪ್ರವಾಸಿ ಹಡಗಿನಿಂದ ಇಳಿದ ಕರುಣಾಕರನಿಗೆ, ಮೂವತ್ತು ವರ್ಷಗಳ ಮೇಲೆ ಹುಟ್ಟೂರು ಕಂಡು ಹೇಸಿಗೆಯಾಯಿತು. ಅದೇ ಒಣಮೀನಿನ ನಾತ, ಅದೇ ಅಂಟು ಸೆಕೆ. ಇದು ತನ್ನೂರೆಂದು ಜೊತೆಯ ಗೆಳೆಯರಿಗೆ ಅವನು ಹೇಳಿರಲೇ ಇಲ್ಲ. ಅವರು ಬೀಚಿನತ್ತ ಹೊರಟ ಮೇಲೆ, ಬಂದರಿನ ಗೇಟಿನಲ್ಲಿ ಚಿತ್ರದ ಪೋಸ್ಟ್‌ಕಾರ್ಡು ಮಾರುತ್ತಿದ್ದ ನರೆಗೂದಲಿನ ಹೆಂಗಸಿನ ಮುಂದೆ ನಿಂತು, ಲೈಟ್‌ಹೌಸಿನ ಚಿತ್ರವೊಂದನ್ನು ಎರಡೇ ಬೆರಳಲ್ಲಿ ಎತ್ತಿದ.

“ಇದೊಂದು ಕೊಡು.”

“ಕನ್ನಡ ಬರ್ತದಲ್ಲ ನಿಮಗೆ. ಯಾವ ಊರು?” ಎಂದು ಅವಳು ಅವನನ್ನೇ ದಿಟ್ಟಿಸಿ ಕೇಳಿದಳು.

“ಹುಟ್ಟಿದ್ದು ಇಲ್ಲೇ. ಹಣೆಬರಹ.”

“ಮನೆಯವರು ಯಾರಾದ್ರೂ ಇದ್ದಾರಾ?”

“ಸಾಕಿದ ಅಕ್ಕ ಒಬ್ಳು ಇದ್ದಾಳೆ. ಹೋದ್ರೆ ಅಳು, ಗಂಜಿ, ಚಾಪೆ. ಅದೆಲ್ಲ ಯಾರಿಗೆ ಬೇಕು? ಎರಡು ಗೆರೆ ಗೀಚಿ ಹಾಕಿದ್ರೆ ಅವಳಿಗೆ ವರ್ಷಕ್ಕಾಯ್ತು.”

ಅವಳ ಹಲಗೆಯ ಮೇಲೆಯೇ ಕಾರ್ಡನ್ನಿಟ್ಟು ಅವನು ಬರೆದ: ‘ಪ್ರೀತಿಯ ಜಲಜಕ್ಕ, ಹಡಗು ನಮ್ಮೂರಲ್ಲಿ ನಿಂತರೂ ನಮ್ಮನ್ನು ಇಳಿಯಲು ಬಿಡಲಿಲ್ಲ. ದೂರದಿಂದಲೇ ಊರು ನೋಡಿ ಕಣ್ಣು ತುಂಬಿ ಬಂತು.’ ವಿಳಾಸ ಗೀಚಿ, ಅವಳ ಮುಖವನ್ನೂ ನೋಡದೆ ಕಾರ್ಡನ್ನು ಅತ್ತ ತಳ್ಳಿದ.

“ಸ್ಟ್ಯಾಂಪ್ ಹಚ್ಚಿ ಡಬ್ಬಿಗೆ ಹಾಕು.”

ಅವಳು ಕಾರ್ಡನ್ನು ಮೆಲ್ಲಗೆ ಓದಿ ಮುಗಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಸ್ಟ್ಯಾಂಪ್ ಬೇಡ ಕರುಣಾ, ಕೈಗೇ ಮುಟ್ಟಿತು.”